ಅದೇ ರಥವೆ ಇದು?

ಒಂದು ವಸ್ತುವಿನ ಅವಯವಗಳೆಲ್ಲವೂ ಕಾಲಕ್ರಮದಲ್ಲಿ ಒಂದೊಂದಾಗಿ ಬದಲಾದ ಮೇಲೆ ಅದನ್ನು ಮೊದಲಿನ ಹೆಸರಿನಿಂದಲೇ ಕರೆಯುವುದು ನ್ಯಾಯವೆ? ತರ್ಕವನ್ನೋದುವ ವಿದ್ಯಾರ್ಥಿಗಳಿಗೆ ಇದು ಹೊಸ ಪ್ರಶ್ನೆಯಲ್ಲ. ಹೊಟ್ಟೆ ತುಂಬಿದವರ ವಿನೋದವೆಂದು ಇದನ್ನು ಹಳಿಯುವ ವ್ಯವಹಾರಜ್ಞರೂ ಉಂಟು. ಆದರೆ 1990ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕೋಟಿ ಪೌಂಡುಗಳ ವ್ಯವಹಾರವೊಂದು ಈ ಪ್ರಶ್ನೆಯ ಮೇಲೆಯೇ ನಿಂತಿತು. ನೈಯಾಯಿಕರು ಬಿಡಿಸದೆ ಉಳಿಸಿದ್ದ ಗಂಟನ್ನು ನ್ಯಾಯಾಧೀಶರೊಬ್ಬರು ಬಿಡಿಸಬೇಕಾಯಿತು.

ವಿವಾದಕ್ಕೆ ವಿಷಯವಾದುದು ಬೆಂಟ್ಲಿ ಕಂಪೆನಿಯವರ 'ಸ್ಪೀಡ್ ಸಿಕ್ಸ್' ಜಾತಿಯ ಒಂದು ಪಂದ್ಯದ ಮೋಟಾರು. ಅಭಿಮಾನಿಗಳು ಅದನ್ನು 'ಓಲ್ಡ್ ನಂಬರ್ ಒನ್' ಎಂದು ಕರೆಯುವರು. ಫ್ರಾನ್ಸ್ ದೇಶದ ಲ ಮಾನ್ ಊರಿನಲ್ಲಿ ನಡೆಯುವ 24 ಗಂಟೆಗಳ ಪಂದ್ಯವನ್ನು 1929ರಲ್ಲಿ ಬಾರ್ನಾಟೋ ಮತ್ತು ಬರ್ಕಿನ್ ಎಂಬವರೂ, 1930ರಲ್ಲಿ ಬಾರ್ನಾಟೋ ಮತ್ತು ಕಿಡ್‌ಸ್ಟನ್ ಎಂಬವರೂ ಇದೇ ಗಾಡಿಯಲ್ಲಿ ಗೆದ್ದರು. ಪಂದ್ಯದ ಗಾಡಿಗೆ ಶಾಂತಿಯುಂಟೆ? ಒಂದೊಂದು ಪಂದ್ಯಕ್ಕೂ ಅದರ ಅಂಗಾಂಗಗಳನ್ನು ಬಿಚ್ಚಿ, ಸವೆದುದನ್ನು ತೆಗೆದು, ಹೊಸದನ್ನು ಜೋಡಿಸಿದರು. 1932ರ ವೇಳೆಗೆ ಆರೂವರೆ ಲೀಟರಿನ ಯಂತ್ರ ಹೋಗಿ ಎಂಟು ಲೀಟರಿನ ಯಂತ್ರ ಬಂದಿತ್ತು. ಆ ವರ್ಷ ಬ್ರೂಕ್‌ಲ್ಯಾಂಡ್ಸಿನ 500 ಮೈಲಿ ಪಂದ್ಯದಲ್ಲಿ ಕ್ಲೈವ್ ಡನ್‌ಫೀ ಎಂಬ ಸಾಹಸಿ ಅದನ್ನು ನಡೆಸುತ್ತಿರಲು, ಗಾಡಿಯು ಓರೆದಾರಿಯ ಅಂಚನ್ನು ದಾಟಿ ಹಾರಿತು, ಆತನು ಮೃತನಾದನು. ಮುರಿದುದನ್ನು ಮತ್ತೆ ಕಟ್ಟಿದರು. ಈ ಸಲ ಮೇಲೆ ಮುಚ್ಚಿಗೆಯುಳ್ಳ ಸಾಮಾನ್ಯ ಸವಾರಿಯ ಗಾಡಿಯಾಗಿ.

ಅನೇಕ ವರ್ಷಗಳ ಬಳಿಕ, 1990ರ ಏಪ್ರಿಲ್ ತಿಂಗಳಲ್ಲಿ, ಆಗಿನ ಒಡೆಯರು ಇದನ್ನು ಒಂದು ಕಂಪೆನಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಬಳಿಕ ಕೊಳ್ಳುವವರು ಹಿಂಜರಿದರು. ಗೆದ್ದ ಗಾಡಿಯ ಲೋಹ ಇದರಲ್ಲಿ ಎಷ್ಟು ಉಳಿದಿದೆ? ಉಳಿದಿಲ್ಲವಾದರೆ ನಾವು ಕೊಳ್ಳುವುದು ಬರಿಯ ಹೆಸರನ್ನಲ್ಲವೆ? ಇದು ಅವರ ಆಕ್ಷೇಪ. ಇದನ್ನು ತಳ್ಳಿಹಾಕುವುದು ಸುಲಭವಲ್ಲ.

ನಮ್ಮ ಪೂರ್ವಿಕರು ಈ ಆಕ್ಷೇಪಕ್ಕೆ ಬಲಕೊಡುವರೆಂಬುದು ವಿಚಿತ್ರವಾದರೂ ನಿಜ. 'ಮಿಲಿಂದಪ್ರಶ್ನ'ದಲ್ಲಿ ಬೌದ್ಧಭಿಕ್ಷುವಾದ ನಾಗಸೇನನು, ರಥವೇರಿ ಬಂದ ಯವನರಾಜನನ್ನು ಕೇಳುತ್ತಾನೆ: ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ? ಯಾವುದೂ ಅಲ್ಲ, ರಥವೆಂಬುದು ಅವುಗಳ ಕೂಟಕ್ಕೆ ಇಟ್ಟ ಹೆಸರು ಮಾತ್ರ. ಅವಯವಿಯು ಅವಯವಗಳಿಗಿಂತ ಬೇರೆಯಾದ ನಿಜವಸ್ತುವೆಂದು ಸಾಧಿಸುವ ನೈಯಾಯಿಕರಾದರೋ ಬೌದ್ಧರಿಗೆ ಪ್ರಬಲ ವಿರೋಧಿಗಳು. ಆದರೆ ಅವರೂ ಬಟ್ಟೆಯಿಂದ ಒಂದು ನೂಲನ್ನು ಕಿತ್ತರೆ ಮೊದಲಿನ ಪಟವು ನಾಶವಾಗಿ ಖಂಡಪಟವೆಂಬ ಹೊಸ ವಸ್ತುವು ಹುಟ್ಟುವುದೆಂದು ಹೇಳುವರು. ಒಬ್ಬರು ರಥವೇ ಇಲ್ಲವೆನ್ನುವರು; ಇನ್ನೊಬ್ಬರು ರಥವಿದೆ, ಆದರೆ ಅದೇ ರಥವಲ್ಲವೆನ್ನುವರು. ಈ ಗಾಡಿಯ ಒಡೆಯರಿಗೆ ಎರಡು ಕಡೆಯೂ ಆಶ್ರಯವಿಲ್ಲ!

ಹೀಗಿರಲು ನ್ಯಾಯಮೂರ್ತಿ ಆಟನ್ ಅವರು ಏನೆಂದು ತೀರ್ಪಿತ್ತರು? ಅವರು ಮೊದಲು ಶಬ್ದಗಳನ್ನು ವಿಂಗಡಿಸಿದರು. ಹುಟ್ಟಿದಾಗಿನ ಲೋಹವೇ ಇರುವ 'ಮೂಲ' ಗಾಡಿಯೆಂದು ಇದನ್ನು ಹೇಳಲಾಗದು. ಆದರೆ 'ಪ್ರಾಮಾಣಿಕ'ವಾದ ಓಲ್ಡ್ ನಂಬರ್ ಒನ್ ಎಂದು ಹೇಳಬಹುದು. ಅವರು ಕೊಟ್ಟ ಕಾರಣಗಳು ಮನನಯೋಗ್ಯವಾಗಿವೆ. ಈ ಗಾಡಿಯು ಒಮ್ಮೆಯೂ ಚೆದುರಿ ಮರೆಯಾದುದಿಲ್ಲ. ಹೊಸ ಅಂಗಗಳು ಸ್ವಲ್ಪಸ್ವಲ್ಪವಾಗಿ, ಸಾಕಷ್ಟು ಕಾಲದಲ್ಲಿ, ಹಳೆಯದರೊಡನೆ ಬೆರೆತುವಾದ್ದರಿಂದ ಯಾವ ಘಟ್ಟದಲ್ಲಿಯೂ ಅದು ತನ್ನತನವನ್ನು ಕಳೆದುಕೊಳ್ಳಲಿಲ್ಲ. ಆ ಹೆಸರನ್ನು ಬೇಡುವ ಮತ್ತೊಂದು ಗಾಡಿ ಲೋಕದಲ್ಲಿಲ್ಲ. ಮಾರಾಟಕ್ಕಿದ್ದುದು ಲೋಹ ಮಾತ್ರವಲ್ಲ, ಅದರ ಚರಿತ್ರೆ ಮತ್ತು ಕೀರ್ತಿಗಳೂ ಹೌದು. ಹೀಗೆಂದು ಅವರು ಮಾರಿದವರ ಪಕ್ಷವನ್ನೇ ಎತ್ತಿಹಿಡಿದರು.

ಇಲ್ಲಿ ಒಂದು ಸಂಶಯವೇಳುತ್ತದೆ. ಪ್ರತಿಸ್ಪರ್ಧಿ ಇಲ್ಲವೆಂಬುದು ಅನನ್ಯತೆಗೆ ಕಾರಣವಾದೀತೆ? ಥೀಸಿಯಸನ ಹಡಗಿನಿಂದ ತೆಗೆದುಹಾಕಿದ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಅವುಗಳಿಂದಲೇ ಇನ್ನೊಂದು ಹಡಗನ್ನು ಕಟ್ಟಿದರೆ ಗತಿಯೇನೆಂದು 17ನೆಯ ಶತಮಾನದಲ್ಲಿ ಹಾಬ್ಸ್ ಎಂಬ ಆಂಗ್ಲ ತತ್ತ್ವಜ್ಞನು ಕೇಳಿದ್ದನು. ಹಳೆಯ ಮೋಟಾರುಗಳ ಲೋಕದಲ್ಲಿ ಇದು ಬರಿಯ ಕಲ್ಪನೆಯಲ್ಲ. ಒಂದೇ ಸಂಖ್ಯೆಯನ್ನು ಹೇಳಿಕೊಳ್ಳುವ ಎರಡು ಗಾಡಿಗಳು ಹುಟ್ಟುವುದುಂಟು. ಒಂದಕ್ಕೆ ಹಳೆಯ ಚೌಕಟ್ಟು, ಇನ್ನೊಂದಕ್ಕೆ ಹಳೆಯ ಯಂತ್ರ. ಆಗ ಯಾವ ತೀರ್ಪೂ ಎರಡು ಕಡೆಗೂ ಪೂರ್ಣ ನ್ಯಾಯವನ್ನು ದೊರಕಿಸಲಾರದು. ಆದ್ದರಿಂದ ಹೆಸರಿಗಿಂತ ಮುಖ್ಯವಾದುದು ವೃತ್ತಾಂತ. ಯಾವ ಅಂಗವು ಎಂದು ಹೋಯಿತು, ಯಾವುದು ಎಂದು ಬಂತು ಎಂಬುದನ್ನು ಮುಚ್ಚದೆ ಹೇಳಿದರೆ, 'ಅದೇ ಇದು' ಎಂಬ ಮಾತಿನಲ್ಲಿ ಕೊರತೆಯಿದ್ದರೂ ವಂಚನೆಯಿರುವುದಿಲ್ಲ.

ವಂಚನೆಗೆ ಪ್ರೇರಣೆಯೇನೂ ಕಡಮೆಯಲ್ಲ. ಇಟಲಿಯ ಫೆರಾರಿ ಕಂಪೆನಿಯವರು 1962ರಿಂದ 1964ರವರೆಗೆ ಕಟ್ಟಿದ '250 ಜಿಟಿಓ' ಗಾಡಿಗಳನ್ನು ಸಾಮಾನ್ಯವಾಗಿ 36 ಎಂದು ಎಣಿಸುವರು. ಅವುಗಳಲ್ಲೊಂದು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರುಗಳಿಗೆ ಹೋಯಿತು. ಇಷ್ಟು ಹಣವಿರುವೆಡೆ ಅಂಕಿಗಳನ್ನು ತಿದ್ದುವ ಕೈಗಳೂ ಇರುತ್ತವೆ. ಅದಕ್ಕಾಗಿಯೇ ಪರೀಕ್ಷಕರು ಚೌಕಟ್ಟಿನ ಮೇಲೂ ಯಂತ್ರದ ಮೇಲೂ ಒತ್ತಿದ ಸಂಖ್ಯೆಗಳನ್ನು ಕಾರ್ಖಾನೆಯ ದಫ್ತರದೊಡನೆ ಹೋಲಿಸುವರು. ಅಂದಿನ ಛಾಯಾಚಿತ್ರಗಳಲ್ಲಿ ಬೆಸುಗೆಯ ಗುರುತುಗಳನ್ನು ಹುಡುಕುವರು. ಉಕ್ಕಿನ ಮೇಲಿನ ಅಂಕಿಯನ್ನು ಅರದಿಂದ ಉಜ್ಜಿ ಅಳಿಸಿದರೂ, ಒತ್ತುವಾಗ ಅದರ ಕೆಳಗಿನ ಲೋಹವೂ ಪೆಟ್ಟುಂಡಿರುತ್ತದಾದ್ದರಿಂದ, ತಕ್ಕ ಆಮ್ಲವನ್ನು ಸವರಿದಾಗ ಅದು ಅನೇಕ ವೇಳೆ ಮತ್ತೆ ಮೂಡುತ್ತದೆ. ನಾಲಗೆ ಮರೆಮಾಚಿದುದನ್ನು ಉಕ್ಕು ಒಪ್ಪಿಕೊಳ್ಳುತ್ತದೆ!

ನಮ್ಮ ದೇಶದ ಶಾಸನವು ಬೇರೊಂದು ದಾರಿ ಹಿಡಿದಿದೆ. 2021ರಲ್ಲಿ ಭಾರತ ಸರ್ಕಾರವು ಹೊರಡಿಸಿದ ನಿಯಮದಂತೆ, ಐವತ್ತು ವರ್ಷ ಮೀರಿದ್ದು, ಮೂಲರೂಪದಲ್ಲಿಯೇ ಇದ್ದು, ಚೌಕಟ್ಟು, ಒಡಲು, ಯಂತ್ರಗಳಲ್ಲಿ ಗಣನೀಯವಾದ ಮಾರ್ಪಾಟು ಹೊಂದದ ಸ್ವಂತ ಬಳಕೆಯ ವಾಹನವೇ ಪ್ರಾಚೀನ ವಾಹನವೆನಿಸುತ್ತದೆ. ಲಂಡನ್ನಿನ ನ್ಯಾಯಮೂರ್ತಿಗಳು ಬದಲಾವಣೆಯ ನಡುವೆ ಕಡಿಯದ ಎಳೆಯನ್ನು ನೋಡಿದರು. ನಮ್ಮ ನಿಯಮವು ಬದಲಾವಣೆಯ ಅಭಾವವನ್ನು ನೋಡುತ್ತದೆ. ನೋಂದಣಿಯ ಅಧಿಕಾರಿಗೆ ಎರಡನೆಯದು ಅನುಕೂಲವಿರಬಹುದು. ಆದರೆ ಹೊಲದಲ್ಲಿ ದುಡಿದ ನೇಗಿಲಿನಂತೆ, ಪಂದ್ಯದಲ್ಲಿ ಓಡಿದ ಗಾಡಿಯೂ ಸವೆಯದೆ ಇರಲಾರದು. ಏನೂ ಬದಲಾಗಿಲ್ಲವೆಂಬ ಪಂದ್ಯದ ಗಾಡಿಯನ್ನು ಕಂಡರೆ ನಂಬುವುದಕ್ಕಿಂತ ಮೊದಲು ಸಂದೇಹಪಡುವುದೇ ಲೇಸು.

ಇನ್ನು ಕೊಳ್ಳುವವನ ಧರ್ಮವೇನು? ಮಾರುವವನಿಗೆ ಸತ್ಯವಚನವನ್ನು ವಿಧಿಸಿ ಕೊಳ್ಳುವವನನ್ನು ಸುಮ್ಮನೆ ಬಿಡಲಾಗದು. ಹಣ ಕೊಟ್ಟವನಿಗೆ ಗಾಡಿ ಬರುತ್ತದೆ. ಬಾರ್ನಾಟೋವಿನ ಗೆಲವು ಬರುವುದಿಲ್ಲ. ಬರುವುದು ಆ ಗೆಲವಿನ ಪಾಲನೆಯ ಭಾರ. ಚರಿತ್ರೆಯನ್ನು ಕೊಂಡೆನೆನ್ನುವವನು ಅದನ್ನು ಇಡಿಯಾಗಿ ಕೊಳ್ಳಬೇಕು. 1929 ಮತ್ತು 1930ರ ಜಯಗಳು ಈ ಗಾಡಿಯವೆಂದಾದರೆ, 1932ರ ಸಾವೂ ಇದರದೇ. ಗೆಲವಿಗೆ 'ಅದೇ ಗಾಡಿ' ಎಂದು ಎದೆಯುಬ್ಬಿಸಿ, ಸಾವಿನ ಮಾತು ಬಂದಾಗ 'ಆಗಲೇ ಭಾಗಗಳು ಬದಲಾಗಿದ್ದುವು' ಎಂದು ಜಾರಿಕೊಳ್ಳುವುದು ಸಲ್ಲದು. ಮನೆತನದ ಕೀರ್ತಿಯನ್ನು ಹೇಳಿಕೊಳ್ಳುವವನು ಮನೆತನದ ಸಾಲಕ್ಕೂ ಬಾಧ್ಯನಲ್ಲವೆ?

ಮನುಷ್ಯನ ವಿಷಯದಲ್ಲಿಯೂ ಇದಕ್ಕಿಂತ ಬೇರೆಯಾದ ನಿಯಮ ನನಗೆ ತೋರದು. ಶರೀರದ ಕಣಗಳು ಬದಲಾಗುತ್ತವೆ, ಅಭಿಪ್ರಾಯಗಳು ಬದಲಾಗುತ್ತವೆ. ಆದರೂ ಹಿಂದೆ ಕೊಟ್ಟ ಮಾತು ನನ್ನದಲ್ಲವೆಂದು ಯಾವ ಸಜ್ಜನನೂ ಹೇಳಲಾರನು. 'ಅದೇ ಇದು' ಎಂಬುದಕ್ಕೆ ಲೋಹವಾಗಲಿ ಮಾಂಸವಾಗಲಿ ಪೂರ್ಣ ಪ್ರಮಾಣವಲ್ಲ. ಗೆಲವನ್ನೂ ಸೋಲನ್ನೂ, ಹೋದುದನ್ನೂ ಬಂದುದನ್ನೂ ಒಂದೇ ಲೆಕ್ಕದಲ್ಲಿ ಬರೆದಿಟ್ಟು ಒಪ್ಪಿಕೊಳ್ಳುವ ಧೈರ್ಯವೇ ಅದಕ್ಕೆ ಪ್ರಮಾಣ.