ಸೂಜಿಗಿಂತ ಮೊದಲಿನ ಮಾತು

ಪಣಜಿಯಲ್ಲಿ ಮಾಂಡವಿ ನದಿಯ ದಂಡೆಗೆ, ಆದಿಲ್‌ಶಾಹನ ಹಳೆಯ ಅರಮನೆಯ ಮಗ್ಗುಲಲ್ಲಿ ಒಂದು ಪ್ರತಿಮೆ ಇದೆ. ನಿಲುವಂಗಿ ತೊಟ್ಟ ಪಾದ್ರಿಯೊಬ್ಬರು ಎರಡೂ ಕೈ ಚಾಚಿ ನಿಂತಿದ್ದಾರೆ. ಆ ಕೈಗಳ ಕೆಳಗೆ ಹೆಂಗಸೊಬ್ಬಳು ಮೈಮರೆತು ವಾಲಿದ್ದಾಳೆ. 1945ರಲ್ಲಿ ನಿಲ್ಲಿಸಿದ್ದು, ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತ್. ನಮ್ಮ ಕಾರವಾರದ ಕಡೆಯಿಂದ ಹೋದವರು ಅದರ ಮುಂದೆ ಫೋಟೊ ತೆಗೆಸಿಕೊಂಡು, ಯಾರೋ ಮಂತ್ರವಾದಿ ಇರಬೇಕು ಅಂದುಕೊಂಡು ಮುಂದೆ ನಡೆಯುತ್ತಾರೆ. ಶಿಲ್ಪ ಸೊಗಸಾಗಿದೆ. ಆದರೆ ಆ ಪಾದ್ರಿ ಯಾವುದನ್ನು ಸುಳ್ಳು ಎಂದು ಸಾರಿದರೋ ಅದನ್ನೇ ಅವರ ಕೈಗೆ ಕೊಟ್ಟು ನಿಲ್ಲಿಸಿದಂತಿದೆ.

ಅವರು ಅಬೇ ಫಾರಿಯಾ. 1756ರಲ್ಲಿ ಗೋವಾದ ಬಾರ್ದೇಶದ ಕಾಂದೋಳಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಪ್ಪನ ಜೊತೆ ಹಡಗು ಹತ್ತಿ ಲಿಸ್ಬನ್ ಸೇರಿ, ರೋಮ್‌ನಲ್ಲಿ ಓದಿ ಪಾದ್ರಿಯಾದವರು. ಕೊನೆಗೆ ಪ್ಯಾರಿಸ್‌ನಲ್ಲಿ ನೆಲೆಸಿ 1813ರಿಂದ ಸಮ್ಮೋಹನದ ಬಗ್ಗೆ ಸಾರ್ವಜನಿಕ ಉಪನ್ಯಾಸ ಕೊಟ್ಟರು. ಅವರಿಗಿಂತ ಮುಂಚೆ ಮೆಸ್ಮರ್ ಎಂಬ ವೈದ್ಯ, ತನ್ನ ಮೈಯಿಂದ ಒಂದು ಕಾಂತಶಕ್ತಿ ಹರಿದು ರೋಗಿಯನ್ನು ಗುಣಪಡಿಸುತ್ತದೆ ಎಂದು ಹೇಳಿ ಪ್ಯಾರಿಸ್ಸನ್ನೇ ಮರುಳುಮಾಡಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಸಮಿತಿ ಅದನ್ನು ಪರೀಕ್ಷೆಗೆ ಒಡ್ಡಿತು. ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೇ ಅದರಲ್ಲಿದ್ದರು. ಫ್ರಾಂಕ್ಲಿನ್ನರ ತೋಟದಲ್ಲಿ ಒಂದು ಮರಕ್ಕೆ ಮಾತ್ರ 'ಶಕ್ತಿ' ತುಂಬಿಸಿ, ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಮರದಿಂದ ಮರಕ್ಕೆ ನಡೆಸಿದರು. ಅವನು ಪ್ರಜ್ಞೆ ತಪ್ಪಿ ಬಿದ್ದದ್ದು ಬೇರೆಯೇ ಮರದ ಬುಡದಲ್ಲಿ. ಇದೆಲ್ಲ ಬರೀ ಕಲ್ಪನೆ ಎಂದು ಸಮಿತಿ ಕಡತ ಮುಚ್ಚಿತು.

ಫಾರಿಯಾ ಅಲ್ಲಿಂದಲೇ ಶುರುಮಾಡಿದರು. ಕಲ್ಪನೆಯೇ ಅಂತಿಟ್ಟುಕೊಳ್ಳೋಣ, ಬರೀ ಕಲ್ಪನೆ ಒಬ್ಬ ಹುಡುಗನನ್ನು ನೆಲಕ್ಕೆ ಕೆಡವಬಲ್ಲದು ಅಂದರೆ ಅದೇನು ಸಣ್ಣ ಸಂಗತಿಯೇ? ಕೈಯಿಂದ ಯಾವ ಶಕ್ತಿಯೂ ಹರಿಯುವುದಿಲ್ಲ, ನಿದ್ರೆ ಬರಿಸುವ ಕಾರಣ ನಿದ್ರಿಸುವವರ ಒಳಗೇ ಇದೆ, ಅವರ ಏಕಾಗ್ರತೆಯಲ್ಲಿ, ಅವರ ನಂಬಿಕೆಯಲ್ಲಿ ಇದೆ ಎಂಬುದು ಅವರ ವಾದ. ಜನರನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಮನಸ್ಸನ್ನು ನಿದ್ರೆಯ ಮೇಲೆ ನಿಲ್ಲಿಸಿ ಎಂದು ಹೇಳಿ, ನಂತರ 'ನಿದ್ರಿಸಿ' ಎಂದು ಒಂದೇ ಆಜ್ಞೆ ಕೊಡುತ್ತಿದ್ದರಂತೆ. ಶಕ್ತಿ ತನ್ನದು ಎಂದಿದ್ದರೆ ಬೇಕಾದಷ್ಟು ದುಡ್ಡು ಮಾಡಬಹುದಿತ್ತು. ನಿಮ್ಮದು ಎಂದರು. ಕಾಂತಶಕ್ತಿಯವರಿಗೂ ಬೇಡವಾದರು, ಚರ್ಚಿನ ಕಡೆಯವರ ಅನುಮಾನಕ್ಕೂ ಗುರಿಯಾದರು, ನಾಟಕದವರಿಗೆ ಗೇಲಿಯ ವಸ್ತುವಾದರು. 1819ರಲ್ಲಿ ತೀರಿಕೊಂಡರು. ಅವರ ಪುಸ್ತಕ ಹೊರಬಂದದ್ದೂ ಅದೇ ವರ್ಷ.

ಅವರ ಬಗ್ಗೆ ಗೋವಾದಲ್ಲಿ ಹೇಳುವ ಕಥೆಯೊಂದು ನನಗೆ ಬಹಳ ಪ್ರಿಯ. ಎಳೆಯ ಪಾದ್ರಿಯಾಗಿದ್ದಾಗ ಪೋರ್ಚುಗಲ್ಲಿನ ರಾಣಿಯ ಸಮ್ಮುಖದಲ್ಲಿ ಪ್ರವಚನಕ್ಕೆ ನಿಂತರಂತೆ. ಎದುರಿಗೆ ರಾಜಮನೆತನದವರ ಸಾಲು. ನಾಲಿಗೆ ಒಣಗಿತು, ಕಲಿತದ್ದೆಲ್ಲ ಮರೆತುಹೋಯಿತು. ಆಗ ಹತ್ತಿರದಲ್ಲೇ ಇದ್ದ ಅಪ್ಪ ಮೆಲ್ಲಗೆ ಕೊಂಕಣಿಯಲ್ಲಿ, ಇವರೆಲ್ಲ ಬರೀ ತರಕಾರಿ, 'ಕಾತರ್ ರೇ ಭಾಜಿ' ಅಂದರಂತೆ. ಹೆಚ್ಚೋ ತರಕಾರಿ! ಮಗನ ಹೆದರಿಕೆ ಹಾರಿಹೋಗಿ ಮಾತು ಹರಿಯಿತು. ಒಂದು ಪಿಸುಮಾತು ಎದೆಬಡಿತವನ್ನು ಹೇಗೆ ಬದಲಿಸಿತು ಎಂಬ ಪ್ರಶ್ನೆ ಅವರ ತಲೆಯಲ್ಲಿ ಬೇರೂರಿದ್ದು ಆ ದಿನವೇ ಎಂದು ಹೇಳುವವರಿದ್ದಾರೆ. ಮನೆಮಾತು ಕೊಂಕಣಿಯಾದ ನನಗೆ ಆ ಅಪ್ಪನ ದನಿ ಕೇಳಿಸುತ್ತದೆ. ರಾಣಿಯೆದುರು ನಡುಗುವ ಮಗನಿಗೆ ಆತ ದೇವರ ಹೆಸರು ಹೇಳಲಿಲ್ಲ, ಅಡುಗೆಮನೆಯನ್ನು ನೆನಪಿಸಿದ.

ನಾನು ಅರಿವಳಿಕೆ ವೈದ್ಯೆ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಹೆದರಿದವರನ್ನು ಮೊದಲು ಎದುರುಗೊಳ್ಳುವವಳು ನಾನೇ. ನಮ್ಮ ವೃತ್ತಿಗೂ ಸಮ್ಮೋಹನಕ್ಕೂ ಹಳೆಯ ನಂಟು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟಿಷ್ ಸರ್ಜನ್ ಯಾವ ಔಷಧವೂ ಇಲ್ಲದೆ, ಗಂಟೆಗಟ್ಟಲೆ ಮೈಮೇಲೆ ಕೈಯಾಡಿಸಿ ರೋಗಿಗಳನ್ನು ಮೈಮರೆಸಿ, ದೊಡ್ಡ ದೊಡ್ಡ ಗಡ್ಡೆಗಳನ್ನು ಕತ್ತರಿಸಿ ತೆಗೆದ. ಮರುವರ್ಷ ಬಾಸ್ಟನ್ನಿನಲ್ಲಿ ಈಥರ್ ಬಂತು, ಅದರ ಹಿಂದೆಯೇ ಕ್ಲೋರೋಫಾರ್ಮ್. ಮಾತು ಹಿಂದೆ ಸರಿಯಿತು, ಸೂಜಿ ಮುಂದೆ ಬಂತು. ಬಂದದ್ದು ಒಳ್ಳೆಯದೇ, ಔಷಧ ಬಿಟ್ಟು ಮಾತಿನಲ್ಲೇ ಹೊಟ್ಟೆ ಕೊಯ್ಯಿಸಿಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಮಾತನ್ನು ಪೂರ್ತಿ ಬಿಟ್ಟದ್ದು ನಷ್ಟ. ಬೆಲ್ಜಿಯಮ್ಮಿನ ಲಿಯೇಜಿನಲ್ಲಿ 1992ರಿಂದ ಸಮ್ಮೋಹನವನ್ನೂ ಅಲ್ಪ ಔಷಧವನ್ನೂ ಸೇರಿಸಿ ಥೈರಾಯ್ಡ್ ಆಪರೇಷನ್ನುಗಳನ್ನೇ ಮಾಡುತ್ತಾ ಬಂದಿದ್ದಾರೆ. 2000ದಲ್ಲಿ ಎಲ್ವಿರಾ ಲ್ಯಾಂಗ್ ಮತ್ತು ಸಂಗಡಿಗರು 241 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ರಕ್ತನಾಳ, ಮೂತ್ರಪಿಂಡಗಳ ಚಿಕಿತ್ಸೆಯ ಹೊತ್ತಿನಲ್ಲಿ ಸ್ವಸಮ್ಮೋಹನ ಹೇಳಿಕೊಟ್ಟವರಿಗೆ ಔಷಧ ಕಡಿಮೆ ಸಾಕಾಯಿತು, ಆತಂಕವೂ ಇಳಿಯಿತು.

ಕುಮಟಾ ಕಡೆಯ ಒಬ್ಬ ಹೆಂಗಸು ಗರ್ಭಕೋಶದ ಆಪರೇಷನ್ನಿಗೆ ಬಂದಿದ್ದರು. ಬಲತೋಳಿನಲ್ಲಿ ಕರಿದಾರ, ಅದರಲ್ಲಿ ಬೆರಳ ಗೆಣ್ಣಿನಷ್ಟುದ್ದದ ತಾಮ್ರದ ತಾಯತ. ವಿದ್ಯುತ್ತಿನಿಂದ ರಕ್ತನಾಳ ಸುಟ್ಟು ಮುಚ್ಚುವಾಗ ಮೈಮೇಲೆ ಲೋಹ ಇರಬಾರದು ಎಂದು ಸಿಸ್ಟರ್ ಬಿಚ್ಚಲು ಹೋದರು.

"ಇದ್ನ ಬಿಚ್ಚೂದಿಲ್ಲ ಅಮ್ಮ. ಬಿಚ್ಚಿದ್ರೆ ನಾ ಬದ್ಕೂದಿಲ್ಲ."

ಮಾನಿಟರಿನಲ್ಲಿ ನಾಡಿ 124. ತಾಯತ ಅಲ್ಲೇ ಇರಲಿ ಎಂದೆ. ಮೈಗೆ ತಾಗದಂತೆ ಗಾಜ್ ಬಟ್ಟೆ ಸುತ್ತಿ ಮೇಲೆ ಪ್ಲಾಸ್ಟರ್ ಹಾಕಿದೆವು. ಬೆನ್ನಿಗೆ ಸೂಜಿ ಕೊಡಲು ಅವರನ್ನು ಕೂರಿಸಿ, ಮಡಿಲಿಗೆ ದಿಂಬು ಕೊಟ್ಟು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದೆ. ಅಘನಾಶಿನಿ ಅಳಿವೆಯಲ್ಲಿ ಬಳಚು, ಅಂದರೆ ಕಪ್ಪೆಚಿಪ್ಪು, ಹೆಕ್ಕುವುದು ಎಂದರು.

"ಹಾಗಾದ್ರೆ ಕಣ್ಣು ಮುಚ್ಚಿ ಅಲ್ಲಿಗೇ ಹೋಗಿ ಅಕ್ಕ. ನೀರು ಎಷ್ಟಿದೆ?"

"ಇಳ್ತ. ಮೊಣಕಾಲ್ ಮಟ್ಟ."

"ಕಾಲಡಿಗೆ?"

"ಕೆಸ್ರು. ಬಿಸ್ಲಿಗೆ ಬೆಚ್ಚಗದೆ."

ಮಾತಾಡುತ್ತಾ ಅವರ ಬೆರಳುಗಳು ದಿಂಬಿನ ಮೇಲೆ ಹುಡುಕಾಡತೊಡಗಿದವು. ಹೆಬ್ಬೆರಳು ತೋರುಬೆರಳು ಸೇರಿಸಿ ಏನನ್ನೋ ಎತ್ತಿ ಪಕ್ಕಕ್ಕೆ ಹಾಕುತ್ತಿದ್ದರು. ಉಸಿರು ಬಿಡುವಾಗಲೆಲ್ಲ ಹೆಗಲು ಇಳಿಯಲಿ, ಒಂದೊಂದೇ ಬಳಚು ಎಣಿಸಿ ಎಂದೆ. ಸೂಜಿ ಹೋದದ್ದು ಯಾವ ಎಣಿಕೆಯಲ್ಲಿ ಎಂದು ಅವರಿಗೆ ಗೊತ್ತಾಗಲಿಲ್ಲ. ನಾಡಿ 96ಕ್ಕೆ ಬಂದಿತ್ತು. "ಈಗ ಆ ಕೆಸರಿನ ಬಿಸಿ ಕಾಲಿನಿಂದ ಮೇಲಕ್ಕೆ ಬರ್ತದೆ" ಎಂದೆ. ಬಂತು. ಬರಲೇಬೇಕಿತ್ತು, ಬೆನ್ನಿನ ಅರಿವಳಿಕೆ ಕೊಟ್ಟೊಡನೆ ಕಾಲಿನ ರಕ್ತನಾಳಗಳು ಅರಳಿ ಕಾಲು ಬೆಚ್ಚಗಾಗುತ್ತದೆ. ಮರುದಿನ ವಾರ್ಡಿಗೆ ಹೋದಾಗ, ನಿಮ್ಮ ಕೈಗುಣ ದೊಡ್ಡದು ಅಮ್ಮ ಎಂದು ಕೈಮುಗಿದರು. ಬಳಚು ಹೆಕ್ಕಿದ್ದು ನೀವಲ್ಲವೇ ಅಕ್ಕ ಎಂದೆ.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ಇದೆ. ಸುಳ್ಳಾದರೂ ಸರಿ, ನಂಬಿಸಿ ಸಮಾಧಾನ ಕೊಡಬಹುದೇ? ತಾಯತ ನಿಮ್ಮನ್ನು ಕಾಯುತ್ತದೆ ಎಂದು ನಾನು ಹೇಳಲಿಲ್ಲ. ಅದು ತೋಳಿನಲ್ಲಿ ಇರಲಿ ಎಂದಷ್ಟೇ ಹೇಳಿದೆ. ಕಾಲು ಬೆಚ್ಚಗಾಗುತ್ತದೆ ಎಂದದ್ದು ನಿಜ, ಎಣಿಸಿ ಎಂದದ್ದು ಸೂಚನೆ. ವೈದ್ಯರಲ್ಲಿ ಬಹಳ ಕಾಲ ಒಂದು ಭಾವನೆ ಇತ್ತು: ನಂಬಿಕೆ ಕೆಲಸ ಮಾಡಬೇಕಾದರೆ ರೋಗಿಗೆ ಸುಳ್ಳು ಹೇಳಲೇಬೇಕು, ಸಕ್ಕರೆ ಗುಳಿಗೆಯನ್ನು ಔಷಧ ಎಂದೇ ಕೊಡಬೇಕು. 2010ರಲ್ಲಿ ಹಾರ್ವರ್ಡಿನ ಟೆಡ್ ಕ್ಯಾಪ್ಚಕ್ ತಂಡ ಕರುಳಿನ ತೊಂದರೆಯ 80 ಜನರಲ್ಲಿ ಒಂದು ಗುಂಪಿಗೆ, ಇದರಲ್ಲಿ ಯಾವ ಔಷಧವೂ ಇಲ್ಲ, ಆದರೂ ದೇಹ ತಾನಾಗಿ ಸ್ಪಂದಿಸಬಹುದು ಎಂದು ಬಿಚ್ಚಿ ಹೇಳಿಯೇ ಗುಳಿಗೆ ಕೊಟ್ಟಿತು. ಏನೂ ಕೊಡದವರಿಗಿಂತ ಅವರು ಚೆನ್ನಾಗಿ ಚೇತರಿಸಿಕೊಂಡರು. ಚಿಕ್ಕ ಅಧ್ಯಯನ, ಆದರೆ ನನಗೆ ಅದರಿಂದ ದೊಡ್ಡ ಬಿಡುಗಡೆ ಸಿಕ್ಕಿತು. ನಂಬಿಕೆಗೆ ಸುಳ್ಳಿನ ಆಸರೆ ಬೇಕಿಲ್ಲ. ಫಾರಿಯಾ ಹೇಳಲು ಹೊರಟದ್ದೂ ಇದನ್ನೇ ಎಂದು ನನ್ನ ನಂಬಿಕೆ. ಸತ್ಯ ಹೇಳಿಯೂ ಒಬ್ಬರನ್ನು ಸಮಾಧಾನಪಡಿಸಬಹುದು ಎಂದಾದ ಮೇಲೆ, ಸುಳ್ಳು ಹೇಳಿ ಸಮಾಧಾನಪಡಿಸುವವರಿಗೆ ಯಾವ ನೆಪವೂ ಉಳಿಯುವುದಿಲ್ಲ.

ನಂಬಿಕೆ ಎಂದರೆ ಸಾಕು, ಅದು ಒಳ್ಳೆಯದೇ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಗೀತೆಯ ಹದಿನೇಳನೆಯ ಅಧ್ಯಾಯ ಪೂರ್ತಿ ಇದೇ ವಿಚಾರ. ಶ್ರದ್ಧೆ ಸಾತ್ವಿಕವೂ ಇರಬಹುದು, ರಾಜಸವೂ ಇರಬಹುದು, ತಾಮಸವೂ ಇರಬಹುದು. ರಾತ್ರಿ ಎದೆ ಹಾರಿ ಎದ್ದು ಕೂರುವ ಹುಡುಗಿಗೆ, ಮಾತ್ರೆ ಬಿಡು, ನಿನಗೆ ನಂಬಿಕೆ ಸಾಲದು ಎನ್ನುವವರನ್ನು ನೋಡಿದ್ದೇನೆ. ಅದಕ್ಕಿಂತ ಕ್ರೂರವಾದ ಮಾತು ಇನ್ನೊಂದಿಲ್ಲ. ಗುಣವಾದರೆ ಕೀರ್ತಿ ಹೇಳಿದವರಿಗೆ, ಆಗದಿದ್ದರೆ ತಪ್ಪು ಹುಡುಗಿಯದು. ಸಮ್ಮೋಹನಕ್ಕೂ ಎಲ್ಲರೂ ಒಂದೇ ಸಮ ಒಲಿಯುವುದಿಲ್ಲ. ಯಾರು ಎಷ್ಟು ಒಲಿಯುತ್ತಾರೆ ಎಂದು ಅಳೆಯಲು ಸ್ಟ್ಯಾನ್‌ಫರ್ಡಿನಲ್ಲಿ 1959ರಷ್ಟು ಹಿಂದೆಯೇ ಅಳತೆಪಟ್ಟಿ ಮಾಡಿದ್ದಾರೆ. ಒಲಿಯದಿರುವುದು ದೋಷವಲ್ಲ, ಅದೂ ಮೈಬಣ್ಣ ಎತ್ತರಗಳ ಹಾಗೆ. ಅಂಥವರಿಗೆ ನಾನು ಮಾತು ಚುಟುಕು ಮಾಡಿ ಔಷಧವನ್ನೇ ಕೊಡುತ್ತೇನೆ.

ಈ ವಿಚಾರ ನನ್ನ ಮಾವನವರ ಹತ್ತಿರ ಬಂತು. ಅವರು ದಿನಾ ಬೆಳಿಗ್ಗೆ ವಿಷ್ಣುಸಹಸ್ರನಾಮ ಹೇಳಿ ಆಮೇಲೆ ಬಿಪಿ ಮಾತ್ರೆ ನುಂಗುವವರು. "ಹಾಗಾದರೆ ನಾಮ ಹೇಳಿದಾಗ ಎದೆ ತಣ್ಣಗಾಗೋದು ನನ್ನ ಮನಸ್ಸಿನದೇ ಕೆಲಸ, ದೇವರದ್ದೇನೂ ಇಲ್ಲ ಅಂತೀಯಾ?" ಎಂದರು. ನೀರು ಬಂದ ಕಾಲುವೆ ಯಾವುದೆಂದು ಗೊತ್ತಾದ ಮಾತ್ರಕ್ಕೆ ಮಳೆ ಯಾರದು ಎಂದು ತೀರ್ಮಾನ ಆಗುವುದಿಲ್ಲ ಮಾವ ಎಂದೆ. ಅವರು ಸುಮ್ಮನಾಗಲಿಲ್ಲ. "ಹಂಗಾದ್ರೆ ಎದೆ ತಣ್ಣಗಾಯಿತು ಅನ್ನೋದು ದೇವರಿದ್ದಾನೆ ಅನ್ನೋದಕ್ಕೂ ಸಾಕ್ಷಿ ಆಗಲಿಲ್ಲ" ಎಂದರು. ಆಗಲಿಲ್ಲ ಎಂದು ಒಪ್ಪಿದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಬೇಡ ಬಿಡು, ಆಗದಿದ್ದರೆ. ನಿಮ್ಮತ್ತೆ ತೀರಿಹೋದ ವರ್ಷ ಪೂರ್ತಿ ನಾಮ ಹೇಳ್ತಾ ಹೇಳ್ತಾ ನನ್ನ ಕೈ ನಡುಗ್ತಿತ್ತು. ಆಗಲೂ ಹೇಳಿದೆ. ತಣ್ಣಗಾಗಲಿ ಅಂತ ಹೇಳೋದಾದ್ರೆ ಆಗಲೇ ಬಿಡಬೇಕಿತ್ತಲ್ಲ."

ನಾನು ಓದಿದ ಯಾವ ಪತ್ರಿಕೆಯಲ್ಲೂ ಇದು ಇರಲಿಲ್ಲ. ಸಮಾಧಾನಕ್ಕಾಗಿ ನಂಬುವುದು ಒಂದು, ಸಮಾಧಾನ ಸಿಗದಾಗಲೂ ನಂಬುವುದು ಇನ್ನೊಂದು. ನನ್ನ ವಿದ್ಯೆಗೆ ಮೊದಲನೆಯದು ಮಾತ್ರ ಎಟಕುತ್ತದೆ. ನಡುಗುವ ಕೈಯನ್ನು ನಿಲ್ಲಿಸುವುದು ನನ್ನ ಕೆಲಸ, ಆ ಕೈ ಯಾರಿಗೆ ಮುಗಿದಿದೆ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಮಾವನವರ ಜೊತೆ ಆ ಮಾತಾದ ಮೇಲೆ ರೋಗಿಗಳನ್ನು ನಾನು ಕೇಳುವ ಪ್ರಶ್ನೆಯೂ ಬದಲಾಗಿದೆ. ಏನನ್ನು ನಂಬುತ್ತೀರಿ ಎಂದು ಕೇಳುವುದಿಲ್ಲ. ಹೆದರಿಕೆಯಾದಾಗ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಒಬ್ಬರು ಹನುಮಾನ್ ಚಾಲೀಸಾ ಎನ್ನುತ್ತಾರೆ, ಇನ್ನೊಬ್ಬರು ಜಪಸರದ ಮಣಿ ಮುಟ್ಟುತ್ತಾರೆ. ದೇವರು ಗೀವರು ಇಲ್ಲ ಎಂದ ಮೇಷ್ಟರೊಬ್ಬರು ಹದಿಮೂರರ ಮಗ್ಗಿ ಹೇಳುತ್ತೇನೆ ಎಂದರು. ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಆರ್‌ಸಿಬಿ ತಂಡದ ಹನ್ನೊಂದು ಜನರ ಹೆಸರು ಹೇಳಲೇ ಎಂದ. ಹೇಳಪ್ಪ, ಉಸಿರು ಬಿಡುತ್ತಾ ಒಂದೊಂದೇ ಹೆಸರು ನಿಧಾನಕ್ಕೆ ಹೇಳು ಎಂದು ನಾನು ಸಿರಿಂಜ್ ಕೈಗೆತ್ತಿಕೊಂಡೆ.