ಅಕಾಲದ ಬಿಸಿಲು ಯಾರ ಲೆಕ್ಕಕ್ಕೆ?

ಅಮೆರಿಕದ ಮಧ್ಯಪಶ್ಚಿಮ ಸೀಮೆಯ ಚಿಕಾಗೊ ನಗರದಲ್ಲಿ ಫೆಬ್ರವರಿ ತಿಂಗಳ ಹಗಲಿನ ಗರಿಷ್ಠ ಉಷ್ಣಾಂಶ ಸರಾಸರಿ 2 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. 2017ರಲ್ಲಿ ಆ ತಿಂಗಳ 17ರಿಂದ 22ರವರೆಗೆ ಅದು 20 ಡಿಗ್ರಿಯ ಸುತ್ತಮುತ್ತ ಇತ್ತು. ಆ ವರ್ಷ ಜನವರಿ, ಫೆಬ್ರವರಿ ಎರಡೂ ತಿಂಗಳು ನಗರದ ಅಧಿಕೃತ ಮಾಪನ ಕೇಂದ್ರದಲ್ಲಿ ಅಳೆಯುವಷ್ಟು ಹಿಮ ನೆಲದ ಮೇಲೆ ನಿಲ್ಲಲೇ ಇಲ್ಲ. 19ನೇ ಶತಮಾನದಲ್ಲಿ ದಾಖಲೆ ಇಡಲು ತೊಡಗಿದ ಮೇಲೆ ಹಾಗಾದದ್ದು ಅದೇ ಮೊದಲು. ಮೇಲ್ಮಟ್ಟದ ಗಾಳಿಯ ಪ್ರವಾಹ ಉತ್ತರಕ್ಕೆ ಬಾಗಿದಾಗ ಮೆಕ್ಸಿಕೊ ಕೊಲ್ಲಿಯ ಕಡೆಯ ಬೆಚ್ಚನೆಯ ಗಾಳಿಗೆ ಈ ಬಯಲಿನಲ್ಲಿ ಅಡ್ಡ ಬರುವ ಬೆಟ್ಟವೊಂದೂ ಇಲ್ಲ. ಹಿಮವಿದ್ದಿದ್ದರೆ ಬಿಸಿಲಿನ ಬಹುಪಾಲು ಅಲ್ಲಿಂದಲೇ ವಾಪಸಾಗುತ್ತಿತ್ತು. ಬರಿನೆಲ ಅದನ್ನು ಹೀರಿಕೊಂಡು ಕಾದಿತು. ಕಾರ್ಯಕಾರಣದ ಮಟ್ಟಿಗೆ ವಿವರಣೆ ಇಷ್ಟೇ.

ಇಂಥ ವಾರ ಎಬ್ಬಿಸುವ ಪ್ರಶ್ನೆ ಮಾತ್ರ ಹವಾಮಾನ ಶಾಸ್ತ್ರದ್ದಲ್ಲ. ಬಯಸದೆ, ದುಡಿಯದೆ ಬಂದ ಈ ಸುಖವನ್ನು ಏನೆಂದು ತಿಳಿಯಬೇಕು? ವರವೆಂದೇ, ಸಾಲವೆಂದೇ, ಶಕುನವೆಂದೇ? ಮಿಚಿಗನ್ ಸರೋವರದ ದಂಡೆಯಲ್ಲಿ ಕೋಟು ಕಳಚಿ ಅಡ್ಡಾಡುವ ಜನ ಇದಕ್ಕೆ ಉತ್ತರ ಹುಡುಕುತ್ತ ಕೂರುವುದಿಲ್ಲ. ಆದರೆ ಅವರ ಬಾಯಲ್ಲಿ ಬರುವ ಮಾತಿನಲ್ಲೇ ಒಂದು ಧರ್ಮಶಾಸ್ತ್ರ ಅಡಗಿರುತ್ತದೆ. ಚಳಿಗಾಲದಲ್ಲಿ ಒಳ್ಳೆಯ ದಿನ ಬಂದರೆ ಆ ಸೀಮೆಯವರು ಹೇಳುವುದು, ಇದಕ್ಕೆಲ್ಲ ಮುಂದೆ ನಾವು ತೆರಬೇಕಾಗುತ್ತದೆ ಎಂದು. ಫೆಬ್ರವರಿ 2ರ ಹಬ್ಬದ ನಂಬಿಕೆಯೂ ಇದೇ ಜಾಯಮಾನದ್ದು. ಅಂದು ಬಿಸಿಲಿದ್ದು ನೆಲಬಿಲದ ಪ್ರಾಣಿಗೆ ತನ್ನ ನೆರಳು ಕಂಡರೆ ಚಳಿ ಇನ್ನೂ ಆರು ವಾರ. ಮೋಡವಿದ್ದರೆ ವಸಂತ ಬೇಗ. ಯುರೋಪಿನ ಕ್ರೈಸ್ತ ದೀಪೋತ್ಸವದ ದಿನಕ್ಕೆ ಅಂಟಿಕೊಂಡಿದ್ದ ಈ ಮಾತನ್ನು ಜರ್ಮನ್ ವಲಸಿಗರು ಪೆನ್ಸಿಲ್ವೇನಿಯಾಕ್ಕೆ ತಂದರು. ಅಲ್ಲಿಂದ ಅದು ದೇಶವೆಲ್ಲ ಹಬ್ಬಿತು. ಬಿಸಿಲೇ ಕೆಟ್ಟ ಸುದ್ದಿಯಾಗುವ ಶಕುನ ಲೋಕದಲ್ಲಿ ಅಪರೂಪ.

ವರವೆಂಬ ಉತ್ತರಕ್ಕೆ ದೊಡ್ಡ ಪರಂಪರೆಯಿದೆ. ಮತ್ತಾಯನ ಸುವಾರ್ತೆಯ ಗಿರಿಪ್ರವಚನದಲ್ಲಿ ಯೇಸು ದೇವರ ಬಿಸಿಲನ್ನೂ ಮಳೆಯನ್ನೂ ಪಂಕ್ತಿಭೇದವಿಲ್ಲದ ಕರುಣೆಗೆ ಉದಾಹರಣೆಯಾಗಿ ತೋರಿಸುತ್ತಾನೆ. ಒಳ್ಳೆಯವರಿಗೂ ಕೆಟ್ಟವರಿಗೂ ಅವು ಸಮಾನ; ಆದ್ದರಿಂದ ಶತ್ರುವನ್ನೂ ಪ್ರೀತಿಸಬೇಕು ಎನ್ನುವುದು ಅಲ್ಲಿನ ತರ್ಕ. ಅದೇ ಶತಮಾನದ ರೋಮಿನಲ್ಲಿ ಸೆನೆಕ ಉಪಕಾರವನ್ನು ಕುರಿತ ತನ್ನ ಏಳು ಸಂಪುಟಗಳ ಗ್ರಂಥದಲ್ಲಿ ಸರಿಸುಮಾರು ಇದೇ ದೃಷ್ಟಾಂತ ಕೊಡುತ್ತಾನೆ. ಸಜ್ಜನರ ಹೊಲವನ್ನಷ್ಟೇ ಆರಿಸಿ ಮಳೆ ಸುರಿಸಲು ಬರುವುದಿಲ್ಲ, ಹಾಗಾಗಿ ದುರ್ಜನರ ಹೊಲವೂ ನೆನೆಯುತ್ತದೆ. ಆರನೆಯ ಸಂಪುಟದಲ್ಲಿ ಅವನು ಇನ್ನೂ ತೊಡಕಿನ ಪ್ರಶ್ನೆಗೆ ಕೈ ಹಾಕುತ್ತಾನೆ. ಸೂರ್ಯ ಚಂದ್ರರು ತಮ್ಮ ಪಾಡಿಗೆ ತಿರುಗುವವರು, ಉಪಕಾರ ಮಾಡುವ ಸಂಕಲ್ಪ ಅವರಿಗಿಲ್ಲ. ಹೀಗಿರುವಾಗ ಅವರಿಗೆ ಕೃತಜ್ಞರಾಗಬೇಕೇಕೆ? ಪ್ರಕೃತಿ ಮನುಷ್ಯನನ್ನು ಸೃಷ್ಟಿಸುವ ಮೊದಲೇ ಅವನ ವಿಷಯ ಯೋಚಿಸಿತ್ತು ಎಂಬುದು ಸೆನೆಕನ ಉತ್ತರ. ಪ್ರಶ್ನೆ ಕೇಳಿದವನಿಗೆ ಇದರಿಂದ ತೃಪ್ತಿಯಾಗುವುದು ಕಷ್ಟ. ವಿಶ್ವಕ್ಕೆ ಬುದ್ಧಿಯುಂಟೆಂದು ಮೊದಲೇ ಒಪ್ಪಿದವನಿಗೆ ಮಾತ್ರ ಅದು ಉತ್ತರ. ಒಪ್ಪದವನ ಪಾಲಿಗೆ ಫೆಬ್ರವರಿಯ ಬಿಸಿಲು ಸಂತೋಷ ತರಬಲ್ಲದೇ ಹೊರತು ಋಣ ಹೊರಿಸಲಾರದು.

ಸಾಲವೆಂಬ ಉತ್ತರ ಇದಕ್ಕಿಂತ ಹಳೆಯದು, ಹೆಚ್ಚು ಜನಪ್ರಿಯವೂ ಹೌದು. ಸುಖದ ಹಿಂದೆ ದುಃಖ ಕಾದಿರುತ್ತದೆ ಎಂಬ ಈ ಅಂಜಿಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಮಧ್ಯಪಶ್ಚಿಮದ ಹವೆಯ ವಿಚಾರದಲ್ಲಿ ಅದಕ್ಕೆ ಆಧಾರವಿಲ್ಲದಿಲ್ಲ. 2024ರ ಫೆಬ್ರವರಿ 27ರಂದು ಚಿಕಾಗೊದಲ್ಲಿ ಉಷ್ಣಾಂಶ 23 ಡಿಗ್ರಿಗೆ ಏರಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ನೀರು ಹೆಪ್ಪುಗಟ್ಟುವ ಮಟ್ಟದಿಂದಲೂ ಕೆಳಗಿಳಿದು ಹಿಮ ಬೀಳುತ್ತಿತ್ತು. ಅದೇ ತಿಂಗಳ 8ರಂದು ನೆರೆಯ ವಿಸ್ಕಾನ್ಸಿನ್ ರಾಜ್ಯದಲ್ಲಿ ಸುಂಟರಗಾಳಿ ಎದ್ದಿತು. ಅಲ್ಲಿನ ದಾಖಲೆಯಲ್ಲಿ ಫೆಬ್ರವರಿ ತಿಂಗಳ ಸುಂಟರಗಾಳಿ ಅದಕ್ಕೆ ಮೊದಲು ಒಂದೂ ಇರಲಿಲ್ಲ. 2017ರ ಬೆಚ್ಚನೆಯ ವಾರ ಕಳೆದು ಇನ್ನೊಂದು ವಾರವಾಗುವ ಹೊತ್ತಿಗೆ, ಫೆಬ್ರವರಿ 28ರಂದು, ಇಲಿನಾಯ್ ರಾಜ್ಯದ ಒಟ್ಟಾವ ಪಟ್ಟಣದ ಮೇಲೆ ಸುಂಟರಗಾಳಿ ಹಾದು ಇಬ್ಬರು ಸತ್ತರು.

ಆ ದಿನ ಕ್ರೈಸ್ತ ಪಂಚಾಂಗದಲ್ಲಿ ಬೂದಿ ಬುಧವಾರದ ಮುನ್ನಾದಿನ. ನಲವತ್ತು ದಿನಗಳ ಉಪವಾಸ ವ್ರತಕ್ಕೆ ಮುಂಚೆ ಹೊಟ್ಟೆತುಂಬ ಉಣ್ಣುವ ಮಂಗಳವಾರ. ಚಿಕಾಗೊದ ಪೋಲಿಷ್ ಬೇಕರಿಗಳ ಮುಂದೆ ಪೋಂಚ್ಕಿ ಎಂಬ ಕರಿದ ಸಿಹಿಗಾಗಿ ಜನ ಸಾಲುಗಟ್ಟುವ ದಿನವೂ ಅದೇ. 17ನೇ ಶತಮಾನದ ಪ್ಯೂರಿಟನ್ ಪಾದ್ರಿಯಾಗಿದ್ದರೆ ಅಕಾಲದ ಬಿಸಿಲು, ಹೊಟ್ಟೆಬಾಕತನ, ಬಿರುಗಾಳಿ ಮೂರನ್ನೂ ಪೋಣಿಸಿ ಒಂದು ಪ್ರವಚನ ಕಟ್ಟುತ್ತಿದ್ದ. ಒಟ್ಟಾವದ ಜನ ಅಂಥ ಪ್ರವಚನಕ್ಕೆ ಗುರಿಯಾಗುವಂಥದ್ದೇನನ್ನೂ ಮಾಡಿರಲಿಲ್ಲ. ಲೂಕನ ಸುವಾರ್ತೆಯಲ್ಲಿ ಯೇಸುವೇ ಈ ದಾರಿಗೆ ಅಡ್ಡ ನಿಲ್ಲುತ್ತಾನೆ. ಸಿಲೋವಾಮಿನ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಜೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೇ ಎಂದು ಕೇಳಿ, ಅಲ್ಲವೆಂದು ತಾನೇ ಹೇಳುತ್ತಾನೆ. ಸಾಲದ ತರ್ಕಕ್ಕೆ ಇಲ್ಲಿ ದೊಡ್ಡ ಪೆಟ್ಟು ಬೀಳುತ್ತದೆ. ತೆತ್ತವರು ಉಂಡವರೇ ಆಗಿರಬೇಕಿಲ್ಲ.

ಶಕುನವೆಂಬ ಮೂರನೆಯ ಉತ್ತರವನ್ನು ಅತ್ಯಂತ ವ್ಯವಸ್ಥಿತವಾಗಿ ಬೆಳೆಸಿದವರು ಭಾರತದ ಶಾಸ್ತ್ರಕಾರರು. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಉತ್ಪಾತಗಳಿಗೆಂದೇ ಒಂದು ದೀರ್ಘ ಅಧ್ಯಾಯ ಬರೆದ. ಪ್ರಕೃತಿ ತನ್ನ ಕ್ರಮ ತಪ್ಪುವುದೇ ಉತ್ಪಾತ. ದಿವ್ಯ, ಅಂತರಿಕ್ಷ, ಭೌಮ ಎಂದು ಅದು ಮೂರು ಬಗೆ. ಚಳಿಗಾಲದ ಸೆಖೆ, ಬೇಸಿಗೆಯ ಚಳಿ, ಕಾಲವಲ್ಲದ ಕಾಲದ ಹೂವು ಹಣ್ಣುಗಳಿಗೂ ಅಲ್ಲಿ ಜಾಗವುಂಟು. ಇವೆಲ್ಲಕ್ಕೂ ಮೂಲ ಮನುಷ್ಯರ ಅಪಚಾರ ಎಂಬುದು ಅವನ ಸಿದ್ಧಾಂತ. ಆದರೆ ಅವನು ಕುರುಡಾಗಿ ಎಲ್ಲ ವಿಚಿತ್ರವನ್ನೂ ಉತ್ಪಾತವೆಂದು ಕರೆಯಲಿಲ್ಲ. ಅಧ್ಯಾಯದ ಕೊನೆಯ ಕಡೆಗೆ ಋಷಿಪುತ್ರನೆಂಬ ಹಿಂದಿನ ಆಚಾರ್ಯನ ಶ್ಲೋಕಗಳನ್ನು ಸೇರಿಸಿ, ಯಾವ ಯಾವ ವಿಕಾರಗಳು ಯಾವ ಋತುವಿಗೆ ಸಹಜ, ಆದ್ದರಿಂದ ಹೆದರಬೇಕಿಲ್ಲ ಎಂಬ ಪಟ್ಟಿ ಕೊಟ್ಟ. ಒಂದು ಘಟನೆ ಅಸಹಜವೇ ಎಂದು ಕೇಳುವ ಮುನ್ನ ಆ ಋತುವಿನ ಸಹಜ ಏರಿಳಿತ ಎಷ್ಟು ಎಂದು ತಿಳಿದಿರಬೇಕು ಎಂಬ ಈ ಎಚ್ಚರ ಇಂದಿನ ಹವಾಮಾನ ವಿಜ್ಞಾನಿಗಳಿಗೂ ಬೇಕಾದದ್ದೇ. ಒಂದು ಬೆಚ್ಚನೆಯ ವಾರ ತನ್ನಷ್ಟಕ್ಕೆ ಏನನ್ನೂ ಸಾಬೀತುಪಡಿಸುವುದಿಲ್ಲ. ಅಂಥ ವಾರಗಳು ಮೊದಲಿಗಿಂತ ಪದೇ ಪದೇ ಬರುತ್ತಿವೆಯೇ ಎಂಬುದೇ ವಿಜ್ಞಾನ ಕೇಳುವ ಪ್ರಶ್ನೆ.

ಉತ್ಪಾತ ಶಾಸ್ತ್ರದ ಫಲ ಬಹುಮಟ್ಟಿಗೆ ರಾಜ, ರಾಜ್ಯಗಳಿಗೆ ಸಂಬಂಧಿಸಿದ್ದು. ಸಾಮಾನ್ಯರ ಪ್ರಶ್ನೆಯನ್ನು ನೇರವಾಗಿ ಎತ್ತಿದ್ದು ವೈದ್ಯಗ್ರಂಥ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದ ಹೆಸರು ಜನಪದೋಧ್ವಂಸನೀಯ, ಅಂದರೆ ನಾಡಿಗೆ ನಾಡೇ ನಾಶವಾಗುವ ಬಗೆ. ಬೇಸಿಗೆಯ ದಿನಗಳಲ್ಲಿ ಗಂಗೆಯ ತೀರದ ಕಾಂಪಿಲ್ಯದಲ್ಲಿ ಗುರು ಪುನರ್ವಸು ಆತ್ರೇಯನಿಗೂ ಶಿಷ್ಯ ಅಗ್ನಿವೇಶನಿಗೂ ನಡೆದ ಸಂವಾದ ಅದು. ಶಿಷ್ಯನ ಸಂದೇಹ ಬಹಳ ಚೂಪಾದದ್ದು. ಒಬ್ಬೊಬ್ಬರ ಪ್ರಕೃತಿ, ಆಹಾರ, ಬಲ, ವಯಸ್ಸು ಎಲ್ಲ ಬೇರೆ ಬೇರೆ. ಹಾಗಿದ್ದೂ ಒಂದೇ ರೋಗದಿಂದ ಒಂದೇ ಹೊತ್ತಿಗೆ ಊರೆಲ್ಲ ಸಾಯುವುದು ಹೇಗೆ? ಅವರವರ ಕರ್ಮಕ್ಕೆ ಅವರವರಿಗೆ ಫಲ ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಗುರು ಕೊಟ್ಟ ಉತ್ತರದಲ್ಲಿ ಎಲ್ಲರೂ ಹಂಚಿಕೊಂಡಿರುವ ನಾಲ್ಕು ಸಂಗತಿಗಳಿವೆ: ಗಾಳಿ, ನೀರು, ನೆಲ, ಕಾಲ. ಇವು ಕೆಟ್ಟರೆ ಯಾರೂ ತಪ್ಪಿಸಿಕೊಳ್ಳಲಾರರು. ಅದರಲ್ಲೂ ಕಾಲವನ್ನು ತಪ್ಪಿಸಿಕೊಳ್ಳುವುದು ಎಲ್ಲಕ್ಕಿಂತ ಕಷ್ಟ. ಋತು ತನ್ನ ಲಕ್ಷಣವನ್ನು ಮೀರಿದರೂ, ಕಳೆದುಕೊಂಡರೂ, ತಿರುಗುಮುರುಗಾಗಿಸಿಕೊಂಡರೂ ಅದು ಕೆಟ್ಟ ಕಾಲವೇ. ಈ ಕೇಡಿನ ಬೇರು ಅಧರ್ಮ. ಅದರ ಮೂಲ ಪ್ರಜ್ಞಾಪರಾಧ, ಅಂದರೆ ತಿಳಿದೂ ತಪ್ಪಿ ನಡೆಯುವುದು.

ಇದನ್ನು ಹವಾಮಾನ ಬದಲಾವಣೆಯ ಭವಿಷ್ಯವಾಣಿಯೆಂದು ಹೊಗಳಲು ಹೊರಡುವವರಿದ್ದಾರೆ. ಅದು ಅನಗತ್ಯ. ಅಧರ್ಮದಿಂದ ಋತುಕೇಡು ಎಂಬುದು ನೀತಿಯ ಸರಪಳಿ. ಇಂಗಾಲದ ಡೈಆಕ್ಸೈಡಿನಿಂದ ಭೂಮಿ ಬಿಸಿಯಾಗುವುದು ಭೌತಶಾಸ್ತ್ರದ್ದು. ಸದಾಚಾರಿಯ ಒಲೆಯ ಹೊಗೆಯೂ ದುರಾಚಾರಿಯದರಷ್ಟೇ ಶಾಖವನ್ನು ಹಿಡಿದಿಡುತ್ತದೆ. ಆದರೂ ಅಗ್ನಿವೇಶನ ಪ್ರಶ್ನೆಯ ಬೆಲೆ ತಗ್ಗುವುದಿಲ್ಲ. ವರ, ಸಾಲ ಎರಡೂ ವ್ಯಕ್ತಿಯ ಖಾತೆಯ ಮಾತುಗಳು. ಆತ ಕೇಳಿದ್ದು ಖಾತೆಯೇ ಇಲ್ಲದ, ಎಲ್ಲರಿಗೂ ಸೇರಿದ ಸಂಗತಿಗಳ ವಿಷಯ. ಬೆಚ್ಚನೆಯ ಚಳಿಗಾಲಕ್ಕೆ ಹೊಂದುವುದು ಈ ಎರಡನೆಯ ಬಗೆಯ ಯೋಚನೆ.

ಯಾಕೆಂದರೆ ಸುಖ ಒಂದು ಕಡೆ, ನಷ್ಟ ಇನ್ನೊಂದು ಕಡೆ ಬೀಳುವುದೇ ಇಲ್ಲಿನ ರೀತಿ. 2012ರ ಮಾರ್ಚ್ ಮಧ್ಯಭಾಗದಲ್ಲಿ ಚಿಕಾಗೊ ಒಂದು ವಾರಕ್ಕೂ ಹೆಚ್ಚು ಕಾಲ ನಡುಬೇಸಿಗೆಯಂತಿತ್ತು. ಹಲವು ದಿನ ಉಷ್ಣಾಂಶ 27 ಡಿಗ್ರಿ ದಾಟಿತು. ನಗರದವರಿಗೆ ಅದು ಹಬ್ಬ. ಸರೋವರದ ಆಚೆ ದಡದ ಮಿಚಿಗನ್ ರಾಜ್ಯದಲ್ಲಿ ಹುಳಿ ಚೆರ್ರಿಯ ಮರಗಳು ಅದೇ ಸೆಖೆಗೆ ವಾರಗಟ್ಟಲೆ ಮುಂಚಿತವಾಗಿ ಮೊಗ್ಗೊಡೆದವು. ಚಳಿಗಾಲದುದ್ದಕ್ಕೂ ಬಿಗಿದುಕೊಂಡಿರುವ ಮೊಗ್ಗು ಹೆಪ್ಪುಗಟ್ಟಿಸುವ ಚಳಿಯನ್ನು ತಾಳುತ್ತದೆ. ಬಿಚ್ಚಿಕೊಂಡ ಮೇಲೆ ತಾಳದು. ಏಪ್ರಿಲ್‌ನಲ್ಲಿ ಮತ್ತೆ ಮತ್ತೆ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಬಂದವು. ಆ ವರ್ಷದ ಹುಳಿ ಚೆರ್ರಿ ಫಸಲಿನ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಹೋಯಿತು, ಸೇಬಿಗೂ ಭಾರಿ ಪೆಟ್ಟು ಬಿತ್ತು. ಚಿಕಾಗೊದಲ್ಲಿ ಬಿಸಿಲು ಕಾಯಿಸಿಕೊಂಡವನು ತೆರಲಿಲ್ಲ, ತೆತ್ತವನು ತೋಟದವನು. ನಾವು ತೆರಬೇಕಾಗುತ್ತದೆ ಎಂಬ ಜನರ ಮಾತಿನಲ್ಲಿ ತಪ್ಪಿರುವುದು ತೆರುವ ವಿಚಾರದಲ್ಲಲ್ಲ, ನಾವು ಎಂಬಲ್ಲಿ.

ಸುಖ ದಾರಿತಪ್ಪಿಸುವುದಕ್ಕೆ ಅಂಕಿ ಅಂಶದ ಆಧಾರವೂ ಇದೆ. ಪ್ಯಾಟ್ರಿಕ್ ಈಗನ್ ಮತ್ತು ಮೇಗನ್ ಮಲಿನ್ ಎಂಬ ರಾಜ್ಯಶಾಸ್ತ್ರಜ್ಞರು 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ದಶಕಗಳಲ್ಲಿ ಅಮೆರಿಕದ ನೂರಕ್ಕೆ 80 ಮಂದಿ ವಾಸಿಸುವ ಕಡೆ ಹವೆ ಮೊದಲಿಗಿಂತ ಹಿತವಾಗಿದೆ. ಚಳಿ ತಗ್ಗಿದೆ, ಬೇಸಿಗೆಯ ಬಾಧೆ ಆ ಪ್ರಮಾಣದಲ್ಲಿ ಏರಿಲ್ಲ. ಹೊಗೆಯುಗುಳುವಿಕೆಗೆ ಕಡಿವಾಣ ಬೀಳದಿದ್ದರೆ ಶತಮಾನದ ಕೊನೆಗೆ ಈ ಹಿತ ತಿರುವುಮುರುವಾಗುತ್ತದೆಂದೂ ಅವರ ಅಂದಾಜು. ಮೈಗೆ ಹಿತವಾದದ್ದು ಒಳ್ಳೆಯದೆಂದು ನಂಬುವ ಮನಸ್ಸಿಗೆ ಇದಕ್ಕಿಂತ ನಯವಾದ ಬಲೆ ಇರಲಾರದು.

ಹಾಗಾದರೆ ಬೆಚ್ಚಗಿನ ದಿನ ಒಳ್ಳೆಯದೋ ಕೆಟ್ಟದ್ದೋ? ಪ್ರಶ್ನೆಯನ್ನು ಹೀಗೆ ಕೇಳುವುದೇ ಸರಿಯಲ್ಲ ಎನ್ನುವ ದಾರಿಯನ್ನು ತೋರಿದವರು, ಕಾಕತಾಳೀಯವಾಗಿ, ಚಿಕಾಗೊದಲ್ಲೇ ನೆಲೆಸಿದ್ದ ಕನ್ನಡ ಕವಿ ಎ. ಕೆ. ರಾಮಾನುಜನ್. 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಅವರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದರು. ಭಾರತೀಯವೆನ್ನಬಹುದಾದ ಚಿಂತನಕ್ರಮವೊಂದುಂಟೇ ಎಂದು ಕೇಳುವ ಅವರ ಪ್ರಸಿದ್ಧ ಪ್ರಬಂಧದ ವಾದ, ಈ ಪರಂಪರೆಯಲ್ಲಿ ಸಂದರ್ಭ ಬಿಟ್ಟ ನಿಯಮಕ್ಕಿಂತ ಸಂದರ್ಭಕ್ಕೆ ಬೆಸೆದ ನಿಯಮಕ್ಕೆ ಒಲವು ಹೆಚ್ಚು ಎಂಬುದು. ದೇಶಕಾಲಗಳು ಬರಿಯ ಖಾಲಿ ಪಾತ್ರೆಗಳಲ್ಲ, ಅವಕ್ಕೂ ಗುಣವಿದೆ. ಈ ಕಣ್ಣಿನಿಂದ ನೋಡಿದರೆ 20 ಡಿಗ್ರಿ ಎಂಬುದಕ್ಕೆ ತನ್ನದೇ ಮೌಲ್ಯವಿಲ್ಲ. ಮೇ ತಿಂಗಳಲ್ಲಿ ಅದು ಋತುವಿನ ನಡತೆ, ಫೆಬ್ರವರಿಯಲ್ಲಿ ನಡತೆಗೇಡು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಕನ್ನಡದ ಮಾತು ದಕ್ಷಿಣದ ಹವೆಗೆ ಹುಟ್ಟಿದ್ದು. ಹಿಮದ ನಡುವೆ ಶಿವರಾತ್ರಿ ಆಚರಿಸುವ ಚಿಕಾಗೊದ ಕನ್ನಡಿಗರಿಗೆ ಅದು ಸಾಮಾನ್ಯವಾಗಿ ಹುಸಿ. 2017ರಲ್ಲಿ ಶಿವರಾತ್ರಿ ಫೆಬ್ರವರಿ 24ಕ್ಕೆ ಬಂತು. ಚಳಿ ಮುಹೂರ್ತಕ್ಕೂ ಕಾಯದೆ ಒಂದು ವಾರ ಮೊದಲೇ ಓಡಿತ್ತು.

ಉಳಿಯುವುದು ಹೊಣೆಯ ಪ್ರಶ್ನೆ. ಇಲಿನಾಯ್‌ನಲ್ಲಿ ಬೆಳೆದು ಡೆಟ್ರಾಯಿಟ್‌ನಲ್ಲಿ 1915ರಿಂದ 1928ರವರೆಗೆ ಪಾದ್ರಿಯಾಗಿದ್ದ ರೈನ್‌ಹೋಲ್ಡ್ ನೀಬೂರ್ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಾರ್ಥನೆಯೊಂದು, ಬದಲಿಸಲಾಗದ್ದನ್ನು ಒಪ್ಪುವ ಸಮಾಧಾನವನ್ನೂ ಬದಲಿಸಬಹುದಾದದ್ದನ್ನು ಬದಲಿಸುವ ಧೈರ್ಯವನ್ನೂ ಬೇಡುತ್ತದೆ. ಬದಲಿಸಲಾಗದ್ದಕ್ಕೆ ಹವೆಗಿಂತ ಒಳ್ಳೆಯ ಉದಾಹರಣೆ ಆ ಕಾಲದಲ್ಲಿ ಇರಲಿಲ್ಲ. ಈಗ ಅದು ಎರಡು ಗುಂಪಿಗೂ ಸೇರುತ್ತದೆ. ನಾಳೆಯ ಗಾಳಿ ಯಾರ ಕೈಯಲ್ಲೂ ಇಲ್ಲ. ಮುಂದಿನ ಮೂವತ್ತು ವರ್ಷಗಳ ಸರಾಸರಿ ಕೊಂಚಮಟ್ಟಿಗೆ ಎಲ್ಲರ ಕೈಯಲ್ಲಿದೆ. ಎಲ್ಲರ ಕೈಯಲ್ಲಿರುವುದು ಒಬ್ಬನ ಕೈಯಲ್ಲೆಷ್ಟು ಎಂಬುದು ಬಗೆಹರಿಯದ ವಿವಾದ. ಅಮೆರಿಕದ ತತ್ತ್ವಜ್ಞ ವಾಲ್ಟರ್ ಸಿನಟ್ ಆರ್ಮ್‌ಸ್ಟ್ರಾಂಗ್ 2005ರ ಲೇಖನವೊಂದರಲ್ಲಿ, ಭಾನುವಾರ ಬರಿಯ ಮೋಜಿಗೆ ಪೆಟ್ರೋಲು ಕುಡಿಯುವ ಕಾರು ಓಡಿಸುವವನು ಯಾವ ನೈತಿಕ ನಿಯಮವನ್ನು ಮುರಿದ ಎಂದು ಹುಡುಕಿ, ಖಚಿತವಾಗಿ ಯಾವುದನ್ನೂ ತೋರಿಸಲಾಗದು, ಕರ್ತವ್ಯವಿರುವುದು ಸರ್ಕಾರಗಳನ್ನು ಒತ್ತಾಯಿಸುವಲ್ಲಿ ಎಂದು ವಾದಿಸಿದ. ಇದಕ್ಕೆ ಆಕ್ಷೇಪಗಳು ಬಹಳ ಬಂದಿವೆ. ಸಣ್ಣ ಪಾಲು ಸೊನ್ನೆಯಲ್ಲ ಎಂಬುದು ಅವುಗಳಲ್ಲಿ ಗಟ್ಟಿಯಾದದ್ದು. ಆದರೆ ಎರಡೂ ಪಕ್ಷ ಒಪ್ಪುವ ಸಂಗತಿಯೊಂದಿದೆ: ಕಾರು ಓಡಿಸಿದ್ದರಲ್ಲಿ ತಪ್ಪಿರಬಹುದು, ಬಿಸಿಲಿಗೆ ಮೈಯೊಡ್ಡಿದ್ದರಲ್ಲಿಲ್ಲ. ದಂಡೆಯ ಮೇಲೆ ಅಡ್ಡಾಡಿದ್ದರಿಂದ ಗಾಳಿಗೆ ಒಂದು ಕಣವೂ ಸೇರುವುದಿಲ್ಲ, ಅಡ್ಡಾಡದೆ ಒಳಗೆ ಕೂತದ್ದರಿಂದ ಮಿಚಿಗನ್ನಿನ ಒಂದು ಮೊಗ್ಗೂ ಉಳಿಯುವುದಿಲ್ಲ.