ಪ್ರಹಸನವೂ ಅಣಕವೂ

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಒಂದು ತೊಡಕು ಇದೆ. ದಶರೂಪಕಗಳ ಲಕ್ಷಣವನ್ನು ಹೇಳುವಲ್ಲಿ ಪ್ರಹಸನವನ್ನು ಶುದ್ಧವೆಂದೂ ಸಂಕೀರ್ಣವೆಂದೂ ಎರಡಾಗಿ ವಿಭಾಗಿಸಿ, ತಾಪಸರ ಮತ್ತು ವಿಪ್ರರ ಹಾಸ್ಯಸಂಭಾಷಣೆಯುಳ್ಳದ್ದು ಶುದ್ಧಪ್ರಹಸನವೆಂದು ಆಚಾರ್ಯನು ವಿಧಿಸಿರುವನು. ಆದರೆ ಅದೇ ಗ್ರಂಥದ ಅಂತ್ಯಭಾಗದಲ್ಲಿ ಬೇರೊಂದು ಕಥೆ ಬರುತ್ತದೆ. ಭರತನ ಮಕ್ಕಳು ವಿದ್ಯಾಮದದಿಂದ ಋಷಿಗಳನ್ನು ಅಣಕಿಸಿ ಆಡಿದರು. ಋಷಿಗಳು ಕುಪಿತರಾಗಿ ಅವರ ವಿದ್ಯೆಗೂ ಕುಲಗೌರವಕ್ಕೂ ಹಾನಿಯಾಗಲೆಂದು ಶಪಿಸಿದರು. ತಾಪಸರ ವಿಷಯವಾಗಿ ನಗಿಸೆಂದು ಹೇಳಿದ ಶಾಸ್ತ್ರವೇ, ಹಾಗೆ ನಗಿಸಿದವರು ಶಪ್ತರಾದರೆಂದೂ ಹೇಳಿದರೆ, ನಾಟಕವಾಡುವ ಬಡಪಾಯಿಯು ಯಾವುದನ್ನು ಪ್ರಮಾಣವೆಂದು ಹಿಡಿಯಬೇಕು?

ಪಾಠಶಾಲೆಯಲ್ಲಿ ಓದುವಾಗ ನಾನು ಈ ಕಥೆಯನ್ನು ಪ್ರಕ್ಷಿಪ್ತವೆಂದು ತಳ್ಳಿಬಿಟ್ಟಿದ್ದೆನು. ತಿಳಿಯದ ಭಾಗವನ್ನೆಲ್ಲ ಪ್ರಕ್ಷಿಪ್ತವೆನ್ನುವುದು ವಿದ್ಯಾರ್ಥಿಗಳಿಗೆ ಬಹಳ ಅನುಕೂಲವಾದ ಪದ್ಧತಿ. ಅದರ ಅರ್ಥವು ಮನಸ್ಸಿಗೆ ಹತ್ತಬೇಕಾದರೆ, ಶಹಾಪುರ ಸುರಪುರಗಳ ನಡುವಣ ಒಂದು ಊರಿನಲ್ಲಿ ನಾನು ಮಾಸ್ತರನಾಗಿದ್ದಾಗ, ಸುಮಾರು ಮೂವತ್ತು ವರ್ಷಗಳ ಕೆಳಗೆ, ನಾನೇ ಒಂದು ತಪ್ಪನ್ನು ಮಾಡಬೇಕಾಯಿತು.

ನಾವು ಆಡಿದ್ದು ‘ಭಗವದಜ್ಜುಕೀಯ’. ಇದರ ಕರ್ತೃವು ಬೋಧಾಯನನೆಂದು ಕೆಲವರೂ, ಪಲ್ಲವರಾಜನಾದ ಒಂದನೆಯ ಮಹೇಂದ್ರವರ್ಮನೆಂದು ಕೆಲವರೂ ಹೇಳುವರು. ಏಳನೆಯ ಶತಮಾನದ ಆ ರಾಜನ ಮಾಮಂಡೂರು ಶಾಸನದಲ್ಲಿ ಈ ಕೃತಿಯ ಹೆಸರು ‘ಮತ್ತವಿಲಾಸ’ದ ಹೆಸರಿನೊಡನೆ ಬಂದಿದೆ. ಕಥೆಯು ಚಿಕ್ಕದು. ಒಬ್ಬ ಪರಿವ್ರಾಜಕ, ಅವನಿಗೆ ಶಾಂಡಿಲ್ಯನೆಂಬ ಶಿಷ್ಯ. ಈ ಶಿಷ್ಯನು ಬೆಳಗಿನ ಊಟದ ಆಸೆಯಿಂದ ಮೊದಲು ಬೌದ್ಧರನ್ನು ಸೇರಿ, ಅಲ್ಲಿ ದಿನಕ್ಕೆ ಒಂದೇ ಊಟವೆಂದು ತಿಳಿದು ಬಿಟ್ಟುಬಂದವನು. ಉದ್ಯಾನದಲ್ಲಿ ವಸಂತಸೇನೆಯೆಂಬ ಗಣಿಕೆ ತನ್ನ ಪ್ರಿಯನಿಗಾಗಿ ಕಾದಿರುವಳು. ಯಮದೂತನು ಸರ್ಪವಾಗಿ ಬಂದು ಅವಳ ಪ್ರಾಣವನ್ನು ಒಯ್ಯುವನು. ಆದರೆ ಒಯ್ಯಬೇಕಾಗಿದ್ದುದು ಅದೇ ಹೆಸರಿನ ಬೇರೊಬ್ಬಳನ್ನು. ಇತ್ತ ಪರಿವ್ರಾಜಕನು ಶಿಷ್ಯನಿಗೆ ಯೋಗಬಲವನ್ನು ತೋರಿಸುವುದಕ್ಕಾಗಿ ಗಣಿಕೆಯ ಶವದಲ್ಲಿ ಪ್ರವೇಶಿಸುವನು. ತಪ್ಪನ್ನು ತಿದ್ದಲು ಹಿಂದಿರುಗಿದ ದೂತನು ಆ ದೇಹವು ತೆರವಿಲ್ಲದ್ದನ್ನು ಕಂಡು, ಗಣಿಕೆಯ ಜೀವವನ್ನು ಸನ್ಯಾಸಿಯ ದೇಹದಲ್ಲಿ ಇಟ್ಟುಬಿಡುವನು. ಅಲ್ಲಿಂದ ಮುಂದೆ ಗಣಿಕೆಯ ಬಾಯಿಂದ ವೈರಾಗ್ಯವೂ, ಸನ್ಯಾಸಿಯ ಬಾಯಿಂದ ಶೃಂಗಾರವೂ ಹೊರಡುವುವು.

ನಮ್ಮ ಪ್ರಾಂತದ ಜನರಿಗೆ ಇಂತಹ ಆಟವು ಹೊಸದೆನಿಸಲಿಲ್ಲ. ದೊಡ್ಡಾಟದಲ್ಲಿ ರಂಗಕ್ಕೆ ಬಂದ ಮಹಾವೀರನನ್ನು ಸಾರಥಿಯು ತಡೆದು ‘ನೀವ್ಯಾರು’ ಎಂದು ಕೇಳುವುದನ್ನೂ, ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಮುನಿಸಿನ ನಡುವೆ ನಮ್ಮ ಆಡುಮಾತಿನ ಚೇಷ್ಟೆಯು ನುಸುಳುವುದನ್ನೂ ಕಂಡವರು ಅವರು. ಶಾಂಡಿಲ್ಯನಿಗೆ ನಾವು ಸಾರಥಿಯ ವರಸೆಯನ್ನೇ ಕೊಟ್ಟೆವು. ಯಮದೂತನಿಗೆ ಕಚೇರಿಯ ಪಟ್ಟೆವಾಲನ ವೇಷ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ತಾಲ್ಲೂಕುಗಳಲ್ಲಿ ಹುಕುಂ, ಅರ್ಜಿ, ತಹಶೀಲು ಮೊದಲಾದ ಶಬ್ದಗಳು ಈಗಲೂ ಬಾಯಲ್ಲಿರುವುದರಿಂದ, ಅವನು ಕಾಗದವನ್ನು ಬಿಚ್ಚಿ ಹೆಸರು ಓದಿ, ವಿಳಾಸ ತಪ್ಪಿತೆಂದು ಹಣೆ ಬಡಿದುಕೊಂಡಾಗ ಮುದುಕರು ಕೂಡ ಕಟ್ಟೆಯಿಂದೆದ್ದು ನಕ್ಕರು. ಹೆಸರು ತಪ್ಪಿದ ಸಮನ್ಸಿನ ಅನುಭವವು ಯಾರ ಮನೆಯಲ್ಲಿಲ್ಲ?

ಸನ್ಯಾಸಿಯ ಪಾತ್ರವನ್ನು ವಹಿಸಿದ್ದವನು ಯಾದಗಿರಿಯ ಬಸ್ಸಿನ ಕಂಡಕ್ಟರು. ಆಜಾನುಬಾಹು, ಎದೆಯ ಮೇಲೆ ಇಳಿಯುವ ಕಟ್ಟಿದ ಗಡ್ಡ. ಅವನೊಳಗೆ ಗಣಿಕೆಯ ಜೀವವು ಬಂದೊಡನೆ ಆ ಗಡ್ಡವನ್ನೇ ಜಡೆಯಂತೆ ಹೆಣೆದುಕೊಳ್ಳುತ್ತ, ಕಮಂಡಲುವಿನ ನೀರಿನಲ್ಲಿ ಮುಖವನ್ನು ನೋಡಿಕೊಂಡನು. ಅಷ್ಟು ನಗೆಯನ್ನು ಆ ಊರಿನಲ್ಲಿ ನಾನು ಹಿಂದೆಂದೂ ಕೇಳಿರಲಿಲ್ಲ. ಮರುದಿನ ಅವನು ಬಸ್ಸಿನಲ್ಲಿ ಟಿಕೀಟು ಕೊಡುವಾಗ ಜನರು ಮುಸಿಮುಸಿ ನಕ್ಕರು, ಅವನೂ ನಕ್ಕನು, ಚಿಲ್ಲರೆಯ ಲೆಕ್ಕ ಎಂದಿನಂತೆ ಸಾಗಿತು.

ಆದರೆ ಈ ನಾಟಕದಲ್ಲಿ ಒಬ್ಬ ವೈದ್ಯನೂ ಇದ್ದಾನೆ. ಹಾವಿನ ವಿಷವನ್ನಿಳಿಸಲು ಬಂದ ಆತನು ಸರ್ಪಗಳು ಮೂರು ವಿಧವೆಂದು ಹೇಳಹೋಗಿ ಸಂಖ್ಯಾವಾಚಕದ ಲಿಂಗವನ್ನು ತಪ್ಪಿಸುವನು. ಗಣಿಕೆಯ ದೇಹದಲ್ಲಿದ್ದ ಪರಿವ್ರಾಜಕನು ಅದು ಅಪಶಬ್ದವೆಂದು ತಿದ್ದುವನು. ಆಗ ವೈದ್ಯನು, ಇವಳನ್ನು ಕಚ್ಚಿದ್ದು ವೈಯಾಕರಣ ಸರ್ಪವಿರಬೇಕೆಂದು ನಿರ್ಣಯಿಸುವನು! ವ್ಯಾಕರಣವನ್ನು ಬಲ್ಲವರಿಗೆ ಇದಕ್ಕಿಂತ ರುಚಿಯಾದ ಹಾಸ್ಯವಿಲ್ಲ. ಬಲ್ಲದವರಿಗೆ ಇದು ಹಾಸ್ಯವೇ ಅಲ್ಲ. ಅಭ್ಯಾಸದ ಕಾಲದಲ್ಲಿ ಈ ಭಾಗವು ಸಪ್ಪೆಯೆಂದು ಹುಡುಗರು ಗೊಣಗಿದರು. ಅವರಲ್ಲೊಬ್ಬನು ನಮ್ಮೂರಿನ ನಾಟಿವೈದ್ಯರನ್ನು ಅನುಕರಿಸಿ ತೋರಿಸಿದನು. ಅವರಿಗೆ ನಾಡಿಯನ್ನು ಹಿಡಿದಾಗ ಒಂದು ಕಣ್ಣು ಮುಚ್ಚಿ, ತಲೆಯನ್ನು ತೂಗುತ್ತ ‘ಹ್ಞೂಂ, ಹ್ಞೂಂ’ ಎನ್ನುವ ರೂಢಿಯಿತ್ತು. ನಾನು ನಕ್ಕೆನು. ಇರಲಿ ಎಂದೆನು. ಆಟದ ರಾತ್ರಿ ವೈದ್ಯರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು.

ಜನರು ಗಡ್ಡದ ಗಣಿಕೆಗೆ ನಕ್ಕುದಕ್ಕಿಂತ ಹೆಚ್ಚಾಗಿ ಇದಕ್ಕೆ ನಕ್ಕರೆಂಬುದನ್ನು ಒಪ್ಪಿಕೊಳ್ಳಬೇಕು. ಹಾಗೆಂದು ಎರಡೂ ಒಂದೇ ಜಾತಿಯ ನಗೆಯೇ? ಕಂಡಕ್ಟರನ ಲಾಸ್ಯವು ಅವನದಲ್ಲ, ಸನ್ಯಾಸಿಯದೂ ಅಲ್ಲ. ಒಂದು ಗುಣವು ತನ್ನದಲ್ಲದ ಮನೆಯಲ್ಲಿ ಬಂದು ಕುಳಿತಿದೆ. ವಿಳಾಸ ತಪ್ಪಿದ ಆ ಸಮನ್ಸು ಯಾರ ಬಾಗಿಲಿಗೂ ಹೋಗಿ ಮುಟ್ಟುವುದಿಲ್ಲ. ಅದ್ಭುತಕಥೆಯ ಬಲವಿರುವುದು ಇಲ್ಲಿ: ದೇಹದಿಂದ ಗುಣವನ್ನು ಬಿಡಿಸಿ, ಗಾಳಿಯಲ್ಲಿ ಹಿಡಿದು ತೋರಿಸುವುದು. ನಾವು ಮಾಡಿದ್ದು ಇದಕ್ಕೆ ವಿರುದ್ಧವಾದುದು. ಬೋಧಾಯನನ ವೈದ್ಯನಿಗೆ ಊರಿರಲಿಲ್ಲ, ಮನೆಯಿರಲಿಲ್ಲ; ನಾವು ಅವನಿಗೆ ಎರಡನ್ನೂ ಕೊಟ್ಟೆವು.

ಹೀಗೆ ನೋಡಿದರೆ ಶಾಸ್ತ್ರದ ತೊಡಕೂ ಸ್ವಲ್ಪ ಬಿಡುತ್ತದೆ. ಋಷಿಗಳು ಸಿಟ್ಟಾದುದು ತಾಪಸಪಾತ್ರವು ರಂಗಕ್ಕೆ ಬಂದಿತೆಂದಲ್ಲ, ತಮ್ಮನ್ನೇ ವಿಡಂಬಿಸಿದರೆಂದು. ಮೊದಲನೆಯ ಅಧ್ಯಾಯದಲ್ಲಿ, ದೈತ್ಯರ ಸೋಲನ್ನು ಆಡಿ ತೋರಿಸಿದಾಗ ಅವರು ಮುನಿದು ವಿಘ್ನವನ್ನೊಡ್ಡಲು, ಬ್ರಹ್ಮನು ಇದು ನಿಮ್ಮದೂ ಅಲ್ಲ, ದೇವತೆಗಳದೂ ಅಲ್ಲ, ಮೂರು ಲೋಕಗಳ ಭಾವಗಳ ಅನುಕೀರ್ತನವೆಂದು ಸಮಾಧಾನ ಹೇಳುವನು. ಭರತನ ಮಕ್ಕಳು ಆ ಉತ್ತರವನ್ನು ಋಷಿಗಳಿಗೆ ಕೊಡಲಾರದೆ ಹೋದರು. ನಾನೂ ಕೊಡಲಾರದೆ ಹೋದೆನು. ಮತ್ತೊಂದು ಸಂಗತಿ. ತಾನು ನಗುವುದು ಆತ್ಮಸ್ಥವೆಂದೂ, ಪರರನ್ನು ನಗಿಸುವುದು ಪರಸ್ಥವೆಂದೂ, ಸ್ಮಿತದಿಂದ ಅತಿಹಸಿತದವರೆಗೆ ನಗೆಯು ಆರು ವಿಧವೆಂದೂ ಆಚಾರ್ಯನು ಎಣಿಸಿರುವನು. ನಕ್ಕವನ ಲೆಕ್ಕವಿದೆ, ನಗಿಸಿದವನ ಲೆಕ್ಕವಿದೆ. ನಗೆಗೆ ಗುರಿಯಾದವನ ಲೆಕ್ಕವು ಆ ಪಟ್ಟಿಯಲ್ಲಿಲ್ಲ.

ಕುಟುಕದ ಹಾಸ್ಯವು ಹಾಸ್ಯವೇ ಅಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಕೇರಳದ ಕೂತ್ತಿನಲ್ಲಿ ಚಾಕ್ಯಾರನು ಎದುರಿಗೆ ಕುಳಿತ ದೊರೆಯನ್ನಾದರೂ ಹಾಸ್ಯಮಾಡಬಹುದು, ಯಾರೂ ಎದುರಾಡಕೂಡದೆಂಬ ಸಂಪ್ರದಾಯವಿದೆ. ಆದರೆ ಅಲ್ಲಿಯೂ, ಮಿಳಾವು ಬಾರಿಸುತ್ತ ತೂಕಡಿಸಿದ ಕುಂಜನ್ ನಂಬಿಯಾರನನ್ನು ಚಾಕ್ಯಾರನು ಅಪಹಾಸ್ಯ ಮಾಡಲಾಗಿ, ಅವನು ನೊಂದು ತುಳ್ಳಲ್ ಎಂಬ ಬೇರೆ ಆಟವನ್ನೇ ಕಟ್ಟಿದನೆಂದು ಐತಿಹ್ಯವು ಹೇಳುತ್ತದೆ. ಅಂತಹ ಪ್ರತಿಭೆಯಿಲ್ಲದವನು ಏನು ಮಾಡಬೇಕು? ದೊರೆಯನ್ನು ಕುಟುಕುವುದಕ್ಕೆ ಧೈರ್ಯ ಬೇಕು, ಸರಿ. ‘ಮತ್ತವಿಲಾಸ’ದಲ್ಲಿ ದೊರೆಯೇ ಕಾಪಾಲಿಕನನ್ನೂ ಬೌದ್ಧಭಿಕ್ಷುವನ್ನೂ ಕುರಿತು ನಗುವನು, ಕೃತಿಯು ಸೊಗಸಾದುದೇ ಆದರೂ, ಸಿಂಹಾಸನದಿಂದ ಭಿಕ್ಷಾಪಾತ್ರೆಯ ಕಡೆಗೆ ಹರಿಯುವ ಆ ನಗೆಯಲ್ಲಿ ನನಗೆ ಅಷ್ಟೇನೂ ಶೌರ್ಯ ಕಾಣದು. ಮಾಸ್ತರನು ನಾಟಿವೈದ್ಯನನ್ನು ಕುರಿತು ನಗುವುದರಲ್ಲಂತೂ ಇಲ್ಲವೇ ಇಲ್ಲ.

ಎಂಟು ದಿನಗಳ ಮೇಲೆ ಕ್ಷಮೆ ಕೇಳಲು ಅವರ ಮನೆಗೆ ಹೋದೆನು. ಚಹಾ ಕೊಟ್ಟರು. ಮುಖದಲ್ಲಿ ಕೋಪವಿರಲಿಲ್ಲ.

“ಆಟದಾಗ ನಕ್ಕದ್ದಕ್ಕ ನನಗೇನು ಬ್ಯಾಸರಿಲ್ರಿ ಮಾಸ್ತರ, ನಾನೂ ನಕ್ಕೀನಿ. ಆದ್ರ ಮರುದಿನ ಒಬ್ಬಾಕಿ ಕೂಸಿನ್ನ ಎತ್ತಿಕೊಂಡು ಬಂದಿದ್ಳು. ನಾಡಿ ಹಿಡದು ಕಣ್ಣು ಮುಚ್ಚಿದೆ. ಆಕಿ ಬಾಯಿಗೆ ಸೆರಗು ಇಟ್ಕೊಂಡ್ಳು. ಕೂಸಿಗೆ ಜ್ವರ ಸುಡಾಕತ್ತಿತ್ರಿ. ನನಗ ನಾಡೀನ ಸಿಗಲಿಲ್ಲ.”

ನಾನು ಏನು ಹೇಳಲಿ? ಏಳುವಾಗ ಅವರು ಬಾಗಿಲವರೆಗೆ ಬಂದು, “ಮುಂದಿನ ವರ್ಷ ಆಡಿದ್ರ ವೈದ್ಯನ್ನ ಹಾಂಗ ಬಿಡ್ರಿ. ಆ ತಪ್ಪು ತಿದ್ದೋರ ಮೂಗಿನ ಮ್ಯಾಲ ನಿಮ್ಮ ಚಾಳೀಸು ಏರಿಸ್ರಿ” ಎಂದು ನಕ್ಕರು.

ಮರುವರ್ಷ ಹಾಗೆಯೇ ಮಾಡಿದೆವು. ಗಣಿಕೆಯ ವೇಷದ ಹುಡುಗನು ಅಪಶಬ್ದವೆನ್ನುವ ಮುನ್ನ ನನ್ನಂತೆಯೇ ಬೆರಳಿನಿಂದ ಚಾಳೀಸನ್ನು ಮೂಗಿನ ಮೇಲಕ್ಕೆ ತಳ್ಳಿ, ಕೆಮ್ಮಿ, ಮಾತನ್ನು ಎರಡು ಸಲ ಹೇಳಿದನು. ಮುಂದಿನ ಸಾಲಿನಲ್ಲಿ ಕುಳಿತು ನಾನೂ ನಕ್ಕೆನು. ಮನಃಪೂರ್ವಕವಾಗಿಯೇ ನಕ್ಕೆನೆಂದು ಭಾವಿಸುತ್ತೇನೆ. ಪಕ್ಕದಲ್ಲಿದ್ದ ವೈದ್ಯರು ನಗಲಿಲ್ಲ. ನನ್ನ ಮುಖವನ್ನು ನೋಡುತ್ತಿದ್ದರು. ಮರುದಿನ ಏಳನೆಯ ಇಯತ್ತೆಯಲ್ಲಿ ಸಂಧಿಯನ್ನು ಹೇಳುತ್ತಿರುವಾಗ ಚಾಳೀಸು ಜಾರಿತು. ಕೈಯು ಮೇಲಕ್ಕೆ ಹೋಗಿ ಅರ್ಧದಲ್ಲಿಯೇ ನಿಂತಿತು. ಹುಡುಗರೆಲ್ಲರೂ ಪುಸ್ತಕವನ್ನು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದರು.